ನಿಮಗಿದು ಗೊತ್ತೇ? ಹಳೇ ಗಾಡಿಯ ತೊಟ್ಟು ತೊಟ್ಟಿಗೂ ಒಂದೊಂದು ಸೋಜಿಗ!

ಎಂಜಿನ್ ಬಿಚ್ಚಿ ಜೋಡಿಸಿದ್ದಾಯಿತು. ಬಣ್ಣ ಹೊಡೆಸಿದ್ದಾಯಿತು. ಕ್ರೋಮ್ ಥಳಥಳ ಹೊಳೆಯುತ್ತಿದೆ. ಆದರೂ ಬೆಳಗೆದ್ದು ನೋಡಿದರೆ ಗಾಡಿಯ ಕೆಳಗೆ ಒಂದು ರೂಪಾಯಿ ಅಗಲದ ಎಣ್ಣೆ ಕಲೆ! ತಲೆ ಮೇಲೆ ಕೈ ಹೊತ್ತು ಕೂರಬೇಡಿ. ಆ ತೊಟ್ಟುಗಳಲ್ಲಿ ಕೆಲವನ್ನು ಗಾಡಿ ಕಟ್ಟಿದವರೇ ಬೇಕೆಂದು ಬಿಟ್ಟಿದ್ದಾರೆ. ಕೆಲವನ್ನು ಒರೆಸಿಕೊಂಡು ಹಾಯಾಗಿ ಬಾಳಬಹುದು. ಒಂದೆರಡು ಮಾತ್ರ ಗಾಡಿಯನ್ನು ಅಲ್ಲೇ ನಿಲ್ಲಿಸು ಅನ್ನುವಂಥವು. ಯಾವುದು ಯಾವುದು? ಬನ್ನಿ, ಒಂದೊಂದಾಗಿ ನೋಡೋಣ!

ತೊಟ್ಟಿಕ್ಕಲೆಂದೇ ಮಾಡಿದ್ದು!

ಫೋರ್ಡ್ ಮಾಡೆಲ್ ಟಿ ಕಾರಿನ ಹೆಸರು ಕೇಳಿಯೇ ಇರುತ್ತೀರಿ. 1908ರಿಂದ 1927ರವರೆಗೆ ಒಂದೂವರೆ ಕೋಟಿ ಕಾರುಗಳು ತಯಾರಾದವು. ಅದರ ಎಂಜಿನ್ನಿಗೆ ಆಯಿಲ್ ಅಳೆಯುವ ಕಡ್ಡಿಯೇ ಇರಲಿಲ್ಲ! ಕಾರಿನ ಕೆಳಗೆ ನುಸುಳಬೇಕು. ಅಲ್ಲಿ ಒಂದರ ಮೇಲೊಂದು ಎರಡು ಪುಟ್ಟ ನಲ್ಲಿ. ಮೇಲಿನದನ್ನು ತಿರುಗಿಸಿದಾಗ ಆಯಿಲ್ ಬಂದರೆ ತುಂಬಿದೆ ಎಂದರ್ಥ. ಕೆಳಗಿನದರಲ್ಲೂ ಬಾರದಿದ್ದರೆ ಗಾಡಿ ತೆಗೆಯುವ ಹಾಗೇ ಇಲ್ಲ. ತೊಟ್ಟಿಕ್ಕಿದರೆ ಕ್ಷೇಮ, ತೊಟ್ಟಿಕ್ಕದಿದ್ದರೆ ಅಪಾಯ!

ಅದೇ ಕಾರಿನಲ್ಲಿ ಆಯಿಲ್ ಪಂಪೂ ಇರಲಿಲ್ಲ! ಹಿಂದಿನ ದೊಡ್ಡ ಫ್ಲೈವೀಲ್ ಎಣ್ಣೆಯಲ್ಲಿ ಮುಳುಗೇಳುತ್ತಾ ಅದನ್ನು ಮೇಲಕ್ಕೆ ಎರಚುತ್ತದೆ. ಎರಚಿದ್ದರಲ್ಲಿ ಒಂದಿಷ್ಟು ಆಲಿಕೆಗೆ ಬಿದ್ದು, ಸಣ್ಣ ಕೊಳವೆಯಲ್ಲಿ ಎಂಜಿನ್ನಿನ ಮುಂಭಾಗಕ್ಕೆ ಇಳಿಯುತ್ತದೆ. ಏರ್ಪಾಡು ಅಷ್ಟೇ!

ಅದಕ್ಕೂ ಹಿಂದಿನ ಕಾರುಗಳು ಇನ್ನೂ ಸೊಗಸು. ಚಾಲಕನ ಕಣ್ಣೆದುರಿಗೇ ಹಿತ್ತಾಳೆಯ ಎಣ್ಣೆ ಬಟ್ಟಲುಗಳ ಸಾಲು. ಅವಕ್ಕೆ ಗಾಜಿನ ಪುಟ್ಟ ಕಿಂಡಿ. ಒಳಗೆ ಆಯಿಲ್ ತೊಟ್ಟು ತೊಟ್ಟಾಗಿ ಬೀಳುವುದು ಕಾಣಬೇಕು. ನಿಮಿಷಕ್ಕೆ ಎಷ್ಟು ತೊಟ್ಟು ಎಂದು ನೋಡಿ, ತಿರುಪು ತಿರುಗಿಸಿ ಹೆಚ್ಚು ಕಡಿಮೆ ಮಾಡಬೇಕು. ಗೇರು, ಬ್ರೇಕು, ದಾರಿ, ಇವುಗಳ ಜತೆಗೆ ತೊಟ್ಟಿನ ಎಣಿಕೆ ಬೇರೆ!

ಇಂಥ ಕಾರುಗಳು ಈಗಲೂ ಓಡುತ್ತವೆಯೇ? ಓಡುತ್ತವೆ! ಲಂಡನ್ನಿನಿಂದ ಬ್ರೈಟನ್‌ವರೆಗೆ ಪ್ರತಿ ನವೆಂಬರಿನಲ್ಲಿ ಒಂದು ಓಟ ನಡೆಯುತ್ತದೆ. ಮೊದಲ ಓಟ ನಡೆದದ್ದು 1896ರ ನವೆಂಬರ್ 14ರಂದು. ಈಗ ಪಾಲ್ಗೊಳ್ಳಬೇಕಾದರೆ ಕಾರು 1905ಕ್ಕೆ ಮುಂಚೆ ತಯಾರಾಗಿರಬೇಕು. ಸುಮಾರು 96 ಕಿಲೋಮೀಟರ್ ದಾರಿ. ನೂರಿಪ್ಪತ್ತು ವರ್ಷ ದಾಟಿದ ಗಾಡಿಗಳು, ತೊಟ್ಟಿಕ್ಕುತ್ತಾ ತೊಟ್ಟಿಕ್ಕುತ್ತಾ ಸಮುದ್ರ ತೀರ ಮುಟ್ಟುತ್ತವೆ!

ಮೊದಮೊದಲ ಮೋಟಾರ್ ಸೈಕಲ್‌ಗಳಲ್ಲಿ ಆಯಿಲ್ ಮರಳಿ ಟ್ಯಾಂಕಿಗೆ ಬರುತ್ತಲೇ ಇರಲಿಲ್ಲ. ಸವಾರ ಕೈಪಂಪು ಒತ್ತಿ ಎಂಜಿನ್ನಿಗೆ ಎಣ್ಣೆ ಉಣಿಸಬೇಕು. ಒಂದಷ್ಟು ಉರಿದು ಹೊಗೆಯಾಗುತ್ತದೆ, ಮಿಕ್ಕಿದ್ದು ರಸ್ತೆಗೆ. ಹಾರ್ಲೆ-ಡೇವಿಡ್‌ಸನ್ನಿನಲ್ಲಿ ಎಣ್ಣೆ ಸುತ್ತಿ ಬಂದು ಟ್ಯಾಂಕ್ ಸೇರುವ ಏರ್ಪಾಡು ಬಂದದ್ದೇ 1936ರಲ್ಲಿ. ಅಲ್ಲಿಯವರೆಗೆ ಹಾಕಿದ್ದೆಲ್ಲ ಖರ್ಚು!

ಆ ಕಾಲದ ರೇಸ್ ಎಂಜಿನ್ನುಗಳಿಗೆ ಯಾವ ಎಣ್ಣೆ ಅಚ್ಚುಮೆಚ್ಚು ಗೊತ್ತೇ? ನಮ್ಮ ಹರಳೆಣ್ಣೆ! ಮೊದಲ ಮಹಾಯುದ್ಧದ ಸುತ್ತುವ ಎಂಜಿನ್ನಿನ ವಿಮಾನಗಳಿಗೂ ಅದೇ. ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಹಾಗಾಗಿ ತೊಳೆದು ಹೋಗುವುದಿಲ್ಲ. ಉರಿಯದೆ ಉಳಿದದ್ದೆಲ್ಲ ಹೊರಕ್ಕೆ ಸಿಡಿದು ಪೈಲಟ್‌ಗಳ ಮುಖಕ್ಕೆ ಬಡಿಯುತ್ತಿತ್ತು!

ಹಳೇ ಕಾರಿನ ನೀರಿನ ಪಂಪು ನೋಡಿದ್ದೀರಾ? ಅದರ ದಂಡದ ಸುತ್ತ ಗ್ರಾಫೈಟ್ ಹಚ್ಚಿದ ಹಗ್ಗ ಸುತ್ತಿ, ಮೇಲೆ ನಟ್ಟು ಬಿಗಿದಿರುತ್ತಾರೆ. ಹೊಲದ ಪಂಪ್‌ಸೆಟ್ಟಿನ ಗ್ಲ್ಯಾಂಡ್ ಕಂಡವರಿಗೆ ಇದು ಹೊಸತಲ್ಲ. ಒಂದೊಂದು ಹನಿ ಜಿನುಗುತ್ತಿರಬೇಕು. ಆ ಹನಿಯೇ ಹಗ್ಗವನ್ನೂ ದಂಡವನ್ನೂ ತಂಪಾಗಿಡುವುದು. ಪೂರಾ ನಿಲ್ಲಿಸುತ್ತೇನೆಂದು ನಟ್ಟು ಬಿಗಿದರೆ ಹಗ್ಗ ಸುಟ್ಟು, ದಂಡ ಸವೆದು ಹೋಗುತ್ತದೆ!

ಇನ್ನೊಂದು ಬೆರಗು. 1960ರ ಆಸುಪಾಸಿನವರೆಗೆ ಬಹುತೇಕ ಕಾರುಗಳ ಎಂಜಿನ್ನಿಗೆ ಒಂದು ಉಸಿರು ಕೊಳವೆ ಇರುತ್ತಿತ್ತು. ಅದರ ಬಾಯಿ ನೇರ ರಸ್ತೆಗೆ! ಎಣ್ಣೆಯ ಆವಿ ಅದರಲ್ಲೇ ಇಳಿದು, ತಣಿದು, ತೊಟ್ಟಿಕ್ಕುತ್ತಿತ್ತು. ಆ ಆವಿಯನ್ನು ಮರಳಿ ಎಂಜಿನ್ನಿಗೇ ಕಳಿಸುವ ವಾಲ್ವ್ ಇರಲೇಬೇಕೆಂದು ಕ್ಯಾಲಿಫೋರ್ನಿಯಾ ಕಾನೂನು ಮಾಡಿದ್ದು 1961ರ ಹೊತ್ತಿಗೆ. ಅದಕ್ಕಿಂತ ಹಳೇ ಕಾರು ನಿಮ್ಮದಾದರೆ, ಆ ಕೊಳವೆಯ ತುದಿಯ ಹನಿ ಲೀಕೇ ಅಲ್ಲ!

ರೇಡಿಯೇಟರಿಗೆ ಕಂಠಮಟ್ಟ ನೀರು ತುಂಬಿದರೆ ಹಳೇ ಕಾರು ಏನು ಮಾಡುತ್ತದೆ? ಮೊದಲ ಸುತ್ತಿನಲ್ಲೇ ಹೆಚ್ಚಾದದ್ದನ್ನು ಕೆಳಗೆ ಚೆಲ್ಲುತ್ತದೆ. ಉಕ್ಕಿದ ನೀರು ಹಿಡಿಯುವ ಡಬ್ಬಿ ಅದಕ್ಕಿಲ್ಲ. ಬಿಸಿಯಾದ ನೀರು ಹಿಗ್ಗಿದಾಗ ಜಾಗ ಬೇಕಲ್ಲ! ಮತ್ತೆ ಕಂಠದವರೆಗೆ ತುಂಬಿದರೆ ಮತ್ತೆ ಚೆಲ್ಲುತ್ತದೆ. ಒಮ್ಮೆ ಚೆಲ್ಲಿ ನಿಂತ ಮಟ್ಟವೇ ಅದರ ಸರಿಯಾದ ಮಟ್ಟ!

ಮೈಸೂರಿನ ರೈಲು ಸಂಗ್ರಹಾಲಯಕ್ಕೆ ಹೋದಾಗ ಉಗಿಬಂಡಿಗಳ ಸಿಲಿಂಡರಿನ ಕೆಳಗೆ ಬಗ್ಗಿ ನೋಡಿ. ಪುಟ್ಟ ಪುಟ್ಟ ನಲ್ಲಿಗಳಿವೆ. ಹೊರಡುವಾಗ ಚಾಲಕ ಅವನ್ನು ತೆರೆದೇ ಹೊರಡಬೇಕು. ತಣ್ಣಗಿನ ಸಿಲಿಂಡರಿನಲ್ಲಿ ಉಗಿ ನೀರಾಗಿರುತ್ತದೆ. ನೀರನ್ನು ಒತ್ತಿ ಕುಗ್ಗಿಸಲು ಆಗದು. ಹಾಗೇ ಬಿಟ್ಟರೆ ಸಿಲಿಂಡರ್ ಮುಚ್ಚಳವೇ ಒಡೆದೀತು. ಸಿನಿಮಾದಲ್ಲಿ ರೈಲು ಹೊರಡುವಾಗ ಚಕ್ರದ ಬಳಿ ಬುಸ್ಸೆಂದು ಹಬ್ಬುವ ಬಿಳಿ ಮೋಡ ಅದೇ!

ತೂತು ಮಾಡಿ ಬಿಟ್ಟ ಜಾಣರು!

ಮಾರಿಸ್ ಮೈನರ್ ಕಾರಿನ ಕೆಳಗೆ ಮಲಗಿ ನೋಡಿ. ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಕಡೆ ತಳದಲ್ಲಿ ಒಂದು ತೂತು. ಅದರಲ್ಲಿ ಒಂದು ಸ್ಪ್ಲಿಟ್ ಪಿನ್ ಸಡಿಲವಾಗಿ ನೇತಾಡುತ್ತಿದೆ. ಯಾರೋ ಮರೆತು ಬಿಟ್ಟದ್ದು ಅಂದುಕೊಂಡಿರಾ? ಅಲ್ಲ! ಸೋರಿ ಬಂದ ಎಣ್ಣೆ ಕ್ಲಚ್ಚಿಗೆ ತಾಗದೆ ಹೊರಗೆ ಹೋಗಲೆಂದೇ ಆ ತೂತು. ಓಡುವಾಗ ಪಿನ್ ಕುಣಿಯುತ್ತಾ ಕೊಳೆ ಕಟ್ಟಿಕೊಳ್ಳದಂತೆ ತೂತನ್ನು ಬಿಡಿಸುತ್ತಿರುತ್ತದೆ. ಕಾಸಿನ ಪಿನ್ನು, ಎಂಥ ಬುದ್ಧಿ!

ಹಳೇ ಲ್ಯಾಂಡ್ ರೋವರಿನಲ್ಲೂ ಅದೇ ಜಾಗದಲ್ಲಿ ತೂತಿದೆ. ಜತೆಗೊಂದು ಬಿರಡೆಯನ್ನೂ ಕೊಟ್ಟಿದ್ದಾರೆ. ಹೊಳೆ ದಾಟುವಾಗ ಮಾತ್ರ ಬಿರಡೆ ಹಾಕಬೇಕು, ದಾಟಿದ ಮೇಲೆ ತೆಗೆಯಬೇಕು. ಲೀಕು ನಿಲ್ಲಲೆಂದು ಬಿರಡೆ ಹಾಕಿಯೇ ಓಡಿಸಿದರೆ ಎಣ್ಣೆ ಒಳಗೇ ತುಂಬಿ ಕ್ಲಚ್ ಜಾರಲು ಶುರು!

ಎಷ್ಟೋ ಹಳೇ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ದಂಡದ ಹಿಂದಿನ ತುದಿಗೆ ರಬ್ಬರ್ ಸೀಲೇ ಇಲ್ಲ. ಅಲ್ಲಿರುವುದು ದಂಡದ ಮೇಲೆ ಕೊರೆದ ತಿರುಪಿನ ಗೀರು. ದಂಡ ತಿರುಗುವಾಗ ಹೊರಬರುವ ಎಣ್ಣೆಯನ್ನು ಆ ಗೀರು ಒಳಕ್ಕೆ ತಿರುಪುತ್ತದೆ. ಎಂಜಿನ್ ಆಫ್ ಮಾಡಿದಿರೋ, ತಿರುಪುವವರು ಯಾರು? ನಾಲ್ಕು ತೊಟ್ಟು ಕೆಳಗೆ! ಓಡುವಾಗ ಸೋರದ, ನಿಂತಾಗ ಸೋರುವ ಗಾಡಿಯ ಗುಟ್ಟು ಇದು.

ನಮ್ಮ ಅಂಬಾಸಡರಿಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರೇ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಡರ್ ಆಯಿತು, 2014ರವರೆಗೂ ತಯಾರಾಯಿತು. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ಬಿಎಂಸಿ ಬಿ-ಸೀರೀಸ್ ಮನೆತನದ್ದು. ಆ ಮನೆತನದ ಹಳೇ ಎಂಜಿನ್ನುಗಳ ಹಿಂಭಾಗದಲ್ಲಿ ಇರುವುದು ಇದೇ ತಿರುಪಿನ ಗೀರು!

ಬ್ರಿಟಿಷ್ ಮೋಟಾರ್ ಸೈಕಲ್‌ಗಳೇ ಏಕೆ ಅಷ್ಟು ಸೋರುತ್ತಿದ್ದವು? ಅವುಗಳ ಎಂಜಿನ್ ಪೆಟ್ಟಿಗೆ ನಿಲುವಾಗಿ ಎರಡು ಹೋಳು. ಹೋಳು ಸೇರುವ ಗೆರೆ ನೇರ ತಳದವರೆಗೆ ಇಳಿಯುತ್ತದೆ. ಎಣ್ಣೆ ನಿಲ್ಲುವುದೂ ಅಲ್ಲೇ! 1969ರಲ್ಲಿ ಮಾರಾಟಕ್ಕೆ ಬಂದ ಹೋಂಡಾ ಸಿಬಿ750 ಎಂಜಿನ್ ಅಡ್ಡಲಾಗಿ ಸೀಳಿದ್ದು. ಗೆರೆ ಅಡ್ಡ ಇಟ್ಟದ್ದೇ ಇಟ್ಟದ್ದು, ಲೀಕಿನ ಚಿಂತೆಯೇ ಕಡಿಮೆಯಾಯಿತು!

ಟ್ರಯಂಫ್ ಜೋಡಿ ಸಿಲಿಂಡರ್ ಬೈಕುಗಳ ತಲೆಯ ಮೇಲೆ ನಾಲ್ಕು ತಿರುಪು ಮುಚ್ಚಳ. ಎಂಜಿನ್ನಿನ ನಡುಕಕ್ಕೆ ಅವು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು. ಹೊರಟಾಗ ನಾಲ್ಕು, ಮನೆಗೆ ಬಂದಾಗ ಮೂರು! ಮಂಡಿಯ ಮೇಲೆ ಎಣ್ಣೆ ಬಿದ್ದರೆ ಒಂದು ಉದುರಿದೆ ಎಂದೇ ಲೆಕ್ಕ!

ನಾರ್ಟನ್ ಕಮಾಂಡೋ ಬೈಕಿಗೆ ಒಂದು ವಿಚಿತ್ರ ಚಾಳಿ. ವಾರಗಟ್ಟಲೆ ನಿಲ್ಲಿಸಿದರೆ ಟ್ಯಾಂಕಿನ ಆಯಿಲ್ ಪಂಪಿನ ಹಲ್ಲುಗಳ ಸಂದಿಯಿಂದ ಮೆಲ್ಲಗೆ ಎಂಜಿನ್ನಿನ ಹೊಟ್ಟೆಗೆ ಇಳಿಯುತ್ತದೆ. ಟ್ಯಾಂಕ್ ಬಗ್ಗಿ ನೋಡಿದರೆ ಖಾಲಿ! ನೆಲದ ಮೇಲೆ ಒಂದು ಹನಿಯೂ ಇಲ್ಲ! ಗಾಬರಿಯಲ್ಲಿ ಮತ್ತೆ ಆಯಿಲ್ ತುಂಬಿ ಕಿಕ್ ಹೊಡೆದಿರೋ, ಎಲ್ಲ ಸಂದಿಗಳಿಂದಲೂ ಕಾರಂಜಿ. ಮೊದಲು ಹೊಟ್ಟೆಯ ಎಣ್ಣೆ ಬಸಿಯಿರಿ!

ನಮ್ಮೂರ ಗಾಡಿಗಳ ಗುಟ್ಟು

ಬುಲೆಟ್ಟಿನ ಮಾತಿಗೆ ಬರೋಣ. ಮದರಾಸಿನಲ್ಲಿ ಬುಲೆಟ್ ತಯಾರಿ ಶುರುವಾದದ್ದು 1950ರ ದಶಕದಲ್ಲಿ. ಹಳೇ ಎರಕದ ಕಬ್ಬಿಣದ ಎಂಜಿನ್ನಿನ ಎಡಗಡೆ ಅಷ್ಟುದ್ದದ ಪ್ರೈಮರಿ ಚೈನ್ ಕವರ್ ಇದೆಯಲ್ಲ, ಅದನ್ನು ಹಿಡಿದಿರುವ ನಟ್ಟು ಎಷ್ಟು ಗೊತ್ತೇ? ಒಂದೇ ಒಂದು! ನಡುವೆ ಒಂದು ನಟ್ಟು, ಸುತ್ತಲೂ ಒಂದು ರಬ್ಬರ್ ಸೀಲ್, ಒಳಗೆ ಆಯಿಲ್. ಸೀಲ್ ಒಂದಿಷ್ಟು ಗಟ್ಟಿಯಾದರೂ ಸಾಕು, ಕೆಳ ಅಂಚಿನಲ್ಲಿ ಹನಿ ಹಣಿಕುತ್ತದೆ!

ಆ ಬುಲೆಟ್ಟಿಗೆ ಬೇರೆ ಆಯಿಲ್ ಟ್ಯಾಂಕೇ ಇಲ್ಲ. ಸಿಲಿಂಡರಿನ ಬೆನ್ನಿಗೆ, ಎಂಜಿನ್ ಪೆಟ್ಟಿಗೆಯಲ್ಲೇ ಒಂದು ಗೂಡು. ಅದೇ ಟ್ಯಾಂಕ್! ಹೊರಗಿನ ಟ್ಯಾಂಕಿಗೆ ಬೇಕಾಗುವ ದೊಡ್ಡ ಪೈಪುಗಳೂ, ಅವುಗಳ ಲೀಕೂ ಅಷ್ಟರಮಟ್ಟಿಗೆ ಉಳಿತಾಯ.

ಪಿಸ್ಟನ್ ಕೆಳಗೆ ಬಂದಾಗಲೆಲ್ಲ ಎಂಜಿನ್ನಿನ ಹೊಟ್ಟೆಯ ಗಾಳಿ ಒತ್ತಿಕೊಳ್ಳುತ್ತದೆ. ಆ ಗಾಳಿ ಹೊರಹೋಗಲು ಬ್ರೀದರ್ ಪೈಪು ಬೇಕೇ ಬೇಕು. ಅದು ಕಟ್ಟಿಕೊಂಡರೆ? ಗಾಳಿ ಎಣ್ಣೆಯನ್ನು ಪ್ಯಾಕಿಂಗ್ ಸಂದಿಗಳಿಂದ ನೂಕುತ್ತದೆ. ಎಷ್ಟೋ ಜನ ಪ್ಯಾಕಿಂಗ್ ಮೇಲೆ ಪ್ಯಾಕಿಂಗ್ ಬದಲಿಸುತ್ತಾರೆ. ಬ್ರೀದರ್ ಪೈಪನ್ನು ಒಮ್ಮೆ ಊದಿ ನೋಡಿದ್ದರೆ ಸಾಕಿತ್ತು!

ಮೈಸೂರಿನ ಹೆಮ್ಮೆ ಜಾವಾ, ಯೆಜ್ಡಿ! ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದವು. ಇವುಗಳ ಕಿಕ್ಕರೂ ಗೇರ್ ಲಿವರೂ ಒಂದೇ! ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಕೆಳಗಿಳಿಸಿದರೆ ಗೇರ್. ಒಂದರೊಳಗೊಂದು ಕೂತ ಆ ದಂಡಗಳ ಸಂದಿಯಿಂದ ಗೇರ್ ಆಯಿಲ್ ಜಿನುಗುವುದು ಹಳೇ ಜಾವಾ ಇಟ್ಟವರಿಗೆಲ್ಲ ಪರಿಚಿತ!

ಜಾವಾದ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜತೆಯಲ್ಲೇ ಬೆರೆತು. ಗೇರ್ ಬಾಕ್ಸಿನದು ಬೇರೆ ಎಣ್ಣೆ. ಈಗ ವಿಚಿತ್ರ ಕೇಳಿ. ಕ್ರ್ಯಾಂಕಿನ ಒಳಗಿನ ಸೀಲ್ ಸವೆದರೆ ಎಣ್ಣೆ ಹೊರಗೆ ಸೋರುವುದೇ ಇಲ್ಲ. ಎಂಜಿನ್ ಅದನ್ನು ಹೀರಿಕೊಳ್ಳುತ್ತದೆ! ನೆಲ ಒಣಗಿದೆ, ಸೈಲೆನ್ಸರಿನಲ್ಲಿ ದಟ್ಟ ಬಿಳಿ ಹೊಗೆ, ಗೇರ್ ಆಯಿಲ್ ಮಾತ್ರ ಮಾಯ. ಕಾಣದ ಲೀಕು ಅಂದರೆ ಇದೇ!

ಸೈಲೆನ್ಸರಿನ ತುದಿಯಲ್ಲಿ ಕರೀ ಜಿಡ್ಡು ತೊಟ್ಟಿಕ್ಕಿತೆಂದು ಅಳುಕಬೇಡಿ. ಟೂ-ಸ್ಟ್ರೋಕ್ ಗಾಡಿಯಲ್ಲಿ ಪೂರಾ ಉರಿಯದ ಆಯಿಲ್ ಅಲ್ಲಿ ಬಂದು ನಿಲ್ಲುತ್ತದೆ. ಸಂತೆ-ಪೇಟೆಗೆ ಮೆಲ್ಲಗೆ ಓಡಿಸಿದಷ್ಟೂ ಹೆಚ್ಚು!

ಬೇಕೆಂದೇ ಪೆಟ್ರೋಲ್ ಸೋರಿಸಿ ಗಾಡಿ ಸ್ಟಾರ್ಟ್ ಮಾಡುತ್ತಿದ್ದರು, ಗೊತ್ತೇ? ಹಳೇ ಅಮಾಲ್ ಕಾರ್ಬುರೇಟರುಗಳ ಪಕ್ಕ ಒಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಒಳಗಿನ ತೇಲುಬುರುಡೆ ಮುಳುಗುತ್ತದೆ. ಪೆಟ್ರೋಲ್ ಉಕ್ಕಿ ಬೆರಳು ಒದ್ದೆಯಾಗುತ್ತದೆ. ಬೆರಳು ತಣ್ಣಗಾಯಿತೋ, ಕಿಕ್ ಹೊಡಿ!

ನಮ್ಮ ರಾಜ್ಯದ ನಂಟಿರುವ ಒಂದು ವಿಮಾನದ ಮಾತೂ ಇರಲಿ. ಇಲ್ಲಿಂದ ಸಂಸದರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಹಳೇ ಡಕೋಟಾ ಒಂದನ್ನು ಬ್ರಿಟನ್ನಿನಲ್ಲಿ ರಿಪೇರಿ ಮಾಡಿಸಿ ವಾಯುಪಡೆಗೆ ಕೊಟ್ಟರು. ಪರಶುರಾಮ ಎಂಬ ಹೆಸರಿನ ಅದು 2018ರಲ್ಲಿ ಅಲ್ಲಿಂದ ಹಾರಿಯೇ ಭಾರತಕ್ಕೆ ಬಂತು! ಇಂಥ ವಿಮಾನಗಳ ಎಂಜಿನ್ನಿನಲ್ಲಿ ಸಿಲಿಂಡರುಗಳು ಸುತ್ತಲೂ ವೃತ್ತವಾಗಿ ಕೂತಿರುತ್ತವೆ. ನಿಂತಲ್ಲೇ ನಿಂತರೆ ಎಣ್ಣೆ ಕೆಳಗಿನ ಸಿಲಿಂಡರುಗಳಿಗೆ ಜಿನುಗುತ್ತದೆ. ಅದಕ್ಕೇ ಸ್ಟಾರ್ಟ್ ಮಾಡುವ ಮುಂಚೆ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ನೋಡುವುದು!

ಹದಿನಾರು ಸೀಲು, ಹಸಿರು ಎಣ್ಣೆ

ಫೋಕ್ಸ್‌ವ್ಯಾಗನ್ ಬೀಟಲ್ 2003ರವರೆಗೆ ತಯಾರಾಯಿತು, ಒಟ್ಟು 2 ಕೋಟಿ 15 ಲಕ್ಷಕ್ಕೂ ಹೆಚ್ಚು. ಗಾಳಿಯಿಂದ ತಣಿಯುವ ಎಂಜಿನ್. ಹಾಗಾಗಿ ನೀರು ಸೋರುವ ಮಾತೇ ಇಲ್ಲ! ಆದರೆ ಎಂಜಿನ್ನಿನ ಕೆಳಗೆ ಎಂಟು ತಗಡಿನ ಕೊಳವೆ, ಒಂದೊಂದಕ್ಕೆ ಎರಡೆರಡು ಸೀಲು. ಒಟ್ಟು ಹದಿನಾರು! ಎಂಜಿನ್ ಹಿಡಿಸುವ ಆಯಿಲ್ ಎರಡೂವರೆ ಲೀಟರ್ ಮಾತ್ರ. ಹಾಗಾಗಿ ಸಣ್ಣ ಲೀಕಾದರೂ ಕಡ್ಡಿ ಅದ್ದಿ ನೋಡುತ್ತಲೇ ಇರಬೇಕು!

1959ರ ಮಿನಿ ಕಾರಿನಲ್ಲಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಒಂದೇ ಎಣ್ಣೆ. ಗೇರ್ ಬಾಕ್ಸ್ ಇರುವುದೇ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯೊಳಗೆ! ಹಾಗಾಗಿ ಗೇರ್ ದಂಡದ ಚಿಕ್ಕ ಸೀಲ್ ಸವೆದರೂ ಸೋರುವುದು ಎಂಜಿನ್ ಆಯಿಲ್ಲೇ!

ಸಿಟ್ರೊಯೆನ್ ಡಿಎಸ್ ಅಂತೂ ಅದ್ಭುತ. 1955ರ ಪ್ಯಾರಿಸ್ ಪ್ರದರ್ಶನದಲ್ಲಿ ಮೊದಲ ದಿನವೇ ಸುಮಾರು 12,000 ಕಾರುಗಳಿಗೆ ಬೇಡಿಕೆ ಬಂತು. ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕು ಎಲ್ಲ ನಡೆಯುವುದು ಒತ್ತಡದ ದ್ರವದಿಂದ. ಈ ದ್ರವ ಸಂದಿಗಳಲ್ಲಿ ಒಂದಿಷ್ಟು ಜಿನುಗಿಯೇ ಜಿನುಗುತ್ತದೆಂದು ಎಂಜಿನಿಯರುಗಳಿಗೆ ಗೊತ್ತಿತ್ತು. ಅದಕ್ಕೇ ಜಿನುಗಿದ್ದನ್ನು ಹಿಡಿದು ಮರಳಿ ಡಬ್ಬಿಗೆ ತರುವ ರಬ್ಬರ್ ಕೊಳವೆಗಳನ್ನು ಕಾರಿನ ಉದ್ದಕ್ಕೂ ಎಳೆದರು. ಲೀಕಿಗೇ ಒಂದು ದಾರಿ!

ಅದೇ ಡಿಎಸ್‌ನ ಮೊದಲ ಕಾರುಗಳಿಗೆ ಕೆಂಪು ದ್ರವ, 1967ರ ಮಾದರಿಯಿಂದ ಹಸಿರು. ಒಂದರ ಬದಲು ಇನ್ನೊಂದು ಹಾಕಿದರೆ ಸೀಲುಗಳೆಲ್ಲ ಹಾಳು. ಗೊಂದಲ ಬೇಡವೆಂದು ಹಸಿರು ದ್ರವದ ಬಿಡಿಭಾಗಗಳಿಗೆ ಹಸಿರು ಬಣ್ಣವನ್ನೇ ಬಳಿದರು!

ತೊಗಲು, ಬೆಂಡು, ಅರಗು

ರಬ್ಬರ್ ಬರುವ ಮುಂಚೆ ಎಣ್ಣೆ ತಡೆಯುತ್ತಿದ್ದುದು ಏನು? ತೊಗಲು, ಉಣ್ಣೆಯ ಫೆಲ್ಟು, ಹಗ್ಗ, ಕಾರ್ಕ್ ಬೆಂಡು! ಈಗ ಎಲ್ಲ ಗಾಡಿಗಳಲ್ಲೂ ಇರುವ ದುಂಡನೆಯ ಆಯಿಲ್ ಸೀಲನ್ನು 1930ರ ದಶಕದಲ್ಲಿ ಹೆಸರಾಗಿಸಿದ್ದು ಜರ್ಮನಿಯ ಫ್ರಾಯ್ಡೆನ್‌ಬರ್ಗ್ ಕಂಪನಿ. ಅವರ ಮೂಲ ಕಸುಬು ತೊಗಲು ಹದ ಮಾಡುವುದು! ಮೊದಲ ಸೀಲುಗಳೂ ತೊಗಲಿನವೇ.

ಕಾರ್ಕ್ ಒಣಗಿದರೆ ಕುಗ್ಗುತ್ತದೆ, ನೆನೆದರೆ ಹಿಗ್ಗುತ್ತದೆ. ಹಳೇ ಬ್ರಿಟಿಷ್ ಬೈಕಿನ ಪೆಟ್ರೋಲ್ ನಲ್ಲಿಯೊಳಗೆ ಇರುವುದು ಇದೇ ಕಾರ್ಕ್. ಟ್ಯಾಂಕ್ ಖಾಲಿ ಮಾಡಿ ತಿಂಗಳುಗಟ್ಟಲೆ ಇಟ್ಟರೆ ಒಣಗಿ ಸೋರುತ್ತದೆ. ನಲ್ಲಿ ಬಿಚ್ಚಿ ಕಾರ್ಕನ್ನು ಬಿಸಿನೀರಿನಲ್ಲಿ ನೆನೆಹಾಕಿ. ಉಬ್ಬಿ ಮತ್ತೆ ಬಿಗಿಯಾಗಿ ಕೂರುತ್ತದೆ!

ಹಿಂದಿನ ಮೆಕ್ಯಾನಿಕ್ಕುಗಳು ಪ್ಯಾಕಿಂಗಿಗೆ ಬಳಿಯುತ್ತಿದ್ದುದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು! ಕೀಟವೊಂದು ಮರದ ಮೇಲೆ ಸ್ರವಿಸುವ ಅಂಟು ಅದು. ಚನ್ನಪಟ್ಟಣದ ಗೊಂಬೆಗಳಿಗೆ ಮಿರಿಮಿರಿ ಹೊಳಪು ಕೊಡುವುದೂ ಅರಗೇ. ಗೊಂಬೆಗೆ ಬಣ್ಣ ಕಟ್ಟಿದ್ದೇ ಎಂಜಿನ್ನಿಗೆ ಎಣ್ಣೆಯನ್ನೂ ಕಟ್ಟಿತು!

ಈಗ ಒಂದು ಪುಟ್ಟ ಜಾದೂ. ಡ್ರೈನ್ ಬೋಲ್ಟಿನ ಹಳೇ ತಾಮ್ರದ ವಾಷರ್ ಇದೆಯಲ್ಲ, ಒತ್ತಿ ಒತ್ತಿ ಅದು ಗಡಸಾಗಿರುತ್ತದೆ. ಜಿಡ್ಡು ಒರೆಸಿ, ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಕಾಯಿಸಿ. ಮೊದಲು ನವಿಲು ಬಣ್ಣ ಬರುತ್ತದೆ, ಆಮೇಲೆ ಮಂಕಾಗುತ್ತದೆ, ಕೊನೆಗೆ ಮಬ್ಬುಗೆಂಪು. ಆಗ ಚುಂಯ್ ಎಂದು ನೀರಿಗೆ ಹಾಕಿ. ಉಕ್ಕನ್ನು ಹೀಗೆ ಮಾಡಿದರೆ ಗಡಸಾಗುತ್ತದೆ. ತಾಮ್ರ ಮಾತ್ರ ಮೆತ್ತಗಾಗುತ್ತದೆ! ಕಪ್ಪು ಉಜ್ಜಿ ತೆಗೆದು ಹಾಕಿ ಬಿಗಿಯಿರಿ. ಹೊಸ ವಾಷರಿನಷ್ಟೇ ಚೆನ್ನಾಗಿ ಎಣ್ಣೆ ತಡೆಯುತ್ತದೆ!

ಲೀಕಾಯಿತೆಂದು ಬೋಲ್ಟನ್ನು ಇನ್ನೂ ಬಿಗಿಯುತ್ತೀರಾ? ತಡೆಯಿರಿ! ತಗಡಿನ ಕವರನ್ನು ಅತಿಯಾಗಿ ಬಿಗಿದರೆ ಬೋಲ್ಟಿನ ಬಳಿ ತಗ್ಗುತ್ತದೆ, ನಡುವೆ ಉಬ್ಬುತ್ತದೆ. ಬಿಗಿದಷ್ಟೂ ಲೀಕು ಜಾಸ್ತಿ! ಕವರ್ ತೆಗೆದು, ತಟ್ಟಿ ಸಮ ಮಾಡಿ, ಹದವಾಗಿ ಬಿಗಿಯುವುದೇ ಮದ್ದು.

ಚಿಕ್ಕ ವಿಷಯ, ದೊಡ್ಡ ಅಚ್ಚರಿ. ಒಳ್ಳೆಯ ಹೊಸ ಆಯಿಲ್ ಹಾಕಿದ ಮೇಲೆಯೇ ಲೀಕು ಶುರುವಾಗಬಹುದು! ಈಗಿನ ಆಯಿಲ್‌ನಲ್ಲಿ ಕೊಳೆ ತೊಳೆಯುವ ಗುಣವಿದೆ. ದಶಕಗಳಿಂದ ಸಂದಿ ಮುಚ್ಚಿ ಕೂತಿದ್ದ ಕಪ್ಪು ಕೆಸರನ್ನು ಅದು ಕರಗಿಸಿ ತೆಗೆಯುತ್ತದೆ. ಇಷ್ಟು ದಿನ ಲೀಕು ತಡೆದಿದ್ದುದು ಕೊಳೆಯೇ!

ಅರಿಶಿನ, ಸೋಪು, ಪೌಡರ್

ದಾರಿಯಲ್ಲಿ ರೇಡಿಯೇಟರ್ ಸೋರಿದರೆ ನಮ್ಮ ಡ್ರೈವರುಗಳು ಹಾಕುತ್ತಿದ್ದುದು ಅರಿಶಿನದ ಪುಡಿ! ನೀರಿನ ಜತೆ ಸುತ್ತಿ, ಕಿರುಬಿರುಕಿನಲ್ಲಿ ಸೇರಿ ಕಟ್ಟಿಕೊಳ್ಳುತ್ತದೆ. ಊರು ಮುಟ್ಟಿಸಲು ಸಾಕು. ಊರು ಮುಟ್ಟಿದ ಮೇಲೆ ತೊಳೆಸಿ, ಬೆಸುಗೆ ಹಾಕಿಸಿಬಿಡಿ. ಇಲ್ಲದಿದ್ದರೆ ಒಳಗಿನ ಸಣ್ಣ ನಳಿಗೆಗಳೂ ಕಟ್ಟಿಕೊಳ್ಳುತ್ತವೆ!

ಪೆಟ್ರೋಲ್ ಟ್ಯಾಂಕಿನ ಸಣ್ಣ ಬಿರುಕಿಗೆ? ಬಟ್ಟೆ ಸೋಪು! ಸೋಪು ನೀರಿನಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಿ ಕರಗುವುದಿಲ್ಲ. ಒಣ ಸೋಪನ್ನು ತಿಕ್ಕಿ ತುಂಬಿದರೆ ಗ್ಯಾರೇಜಿನವರೆಗೆ ತಡೆಯುತ್ತದೆ. ಮಳೆ ಬರದಿದ್ದರೆ ಸರಿ!

ಲೀಕು ಕಂಡ ಜಾಗವೇ ಲೀಕಾದ ಜಾಗ ಅಂದುಕೊಳ್ಳಬೇಡಿ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಮುಂದೆ ಜಿನುಗಿ ಹಿಂದೆ ತೊಟ್ಟಿಕ್ಕುತ್ತದೆ! ಎಂಜಿನ್ ಚೆನ್ನಾಗಿ ತೊಳೆದು ಒಣಗಿಸಿ, ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿ ಒಂದು ಸುತ್ತು ಹೋಗಿ ಬನ್ನಿ. ಬಿಳಿ ಪುಡಿಯ ಮೇಲೆ ಕರೀ ಗೆರೆ ಎಲ್ಲಿ ಶುರುವಾಗಿದೆಯೋ ಅಲ್ಲೇ ಕಳ್ಳ!

ರಾತ್ರಿ ಗಾಡಿಯ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ. ಚಕ್ರ ನಿಂತ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ. ಬೆಳಗ್ಗೆ ರಟ್ಟಿನ ಮೇಲೆ ಲೀಕಿನ ನಕ್ಷೆಯೇ ಸಿದ್ಧ! ತಾರೀಖು ಬರೆದಿಟ್ಟುಕೊಂಡರೆ ಮುಂದಿನ ತಿಂಗಳು ಹೋಲಿಸಿ ನೋಡಬಹುದು.

ಬಣ್ಣ ನೋಡಿ, ವಾಸನೆ ನೋಡಿ

ಕಂದು ಅಥವಾ ಕಪ್ಪು, ಜಾರುಜಾರು: ಎಂಜಿನ್ ಆಯಿಲ್. ಮಂದವಾಗಿದ್ದು ಮೂಗು ಮುಚ್ಚುವಷ್ಟು ಗಂಧಕದ ನಾತ: ಗೇರ್ ಆಯಿಲ್. ಹಲ್ಲುಗಳು ತೇಯದಿರಲೆಂದು ಸೇರಿಸುವ ಗಂಧಕದ ಅಂಶವೇ ಆ ನಾತ! ಕೆಲವು ಹೊಸ ಗೇರ್ ಆಯಿಲ್‌ಗಳ ಗಂಧಕ ಹಳೇ ಗೇರ್ ಬಾಕ್ಸಿನ ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನುತ್ತದೆ. ಗಾಡಿಯ ಪುಸ್ತಕ ನೋಡಿಯೇ ಕೊಳ್ಳಿ!

ಹಸಿರು, ಸಿಹಿ ವಾಸನೆ: ಕೂಲಂಟ್. ರುಚಿಯೂ ಸಿಹಿ! ಅಪಾಯ ಇರುವುದೇ ಅಲ್ಲಿ. ನಾಯಿ, ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಆದರೂ ಜೀವಕ್ಕೆ ಕುತ್ತು. ಕೆಳಗೆ ಚೆಲ್ಲಿದ್ದರೆ ಕೂಡಲೇ ತೊಳೆಯಿರಿ.

ಹೆಚ್ಚುಕಡಿಮೆ ಬಣ್ಣವೇ ಇಲ್ಲ, ಚಕ್ರದ ಒಳಬದಿ ಒದ್ದೆ: ಬ್ರೇಕ್ ಆಯಿಲ್! ಇದರಲ್ಲಿ ಚಿಕ್ಕ ಲೀಕು ಎಂಬುದೇ ಇಲ್ಲ. ಗಾಡಿ ಅಲ್ಲೇ ನಿಲ್ಲಿಸಿ. ಬಣ್ಣದ ಮೇಲೆ ಬಿದ್ದರೆ ಬಣ್ಣವೇ ಸುಲಿದು ಬರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ, ಸಾಮಾನ್ಯ ಬ್ರೇಕ್ ಆಯಿಲ್ ನೀರಿನೊಡನೆ ಬೆರೆಯುತ್ತದೆ. ಬಿದ್ದ ಕೂಡಲೇ ಧಾರಾಳವಾಗಿ ನೀರು ಸುರಿಯಿರಿ, ಬಣ್ಣ ಉಳಿಯುತ್ತದೆ! ಅಂದಹಾಗೆ, ಮೊದಲ ಕಾಲದ ಬ್ರೇಕ್ ಆಯಿಲ್‌ನಲ್ಲೂ ಇದ್ದದ್ದು ಹರಳೆಣ್ಣೆ!

ಪೆಟ್ರೋಲ್ ವಾಸನೆ ಬಂದರೆ ಎರಡು ಮಾತಿಲ್ಲ. ಕೀಲಿ ತೆಗೆಯಿರಿ, ನಲ್ಲಿ ಮುಚ್ಚಿ, ಬ್ಯಾಟರಿ ತಂತಿ ಮುಟ್ಟದೆ ದೂರ ನಿಲ್ಲಿ. ಆಯಿಲ್ ಕಲೆಯೊಡನೆ ಬಾಳಬಹುದು. ಪೆಟ್ರೋಲಿನೊಡನೆ ಒಂದು ಗಳಿಗೆಯೂ ಬೇಡ!

ಪೆಟ್ರೋಲ್ ಲೀಕಿಗೆ ಈಗ ಹೊಸ ಕಾರಣವೂ ಇದೆ. ಶೇಕಡ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಪ್ರಧಾನಿಯವರು ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ! ಎಥನಾಲ್ ಹಳೇ ರಬ್ಬರ್ ಪೈಪುಗಳನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಹಳೇ ಗಾಡಿ ಇದ್ದರೆ ಎಥನಾಲ್ ತಡೆಯುವ ಹೊಸ ಪೈಪು ಹಾಕಿಸಿಬಿಡಿ. ಕೆಲವು ನೂರು ರೂಪಾಯಿ ಕೆಲಸ, ನೆಮ್ಮದಿ ದೊಡ್ಡದು!

ತೊಟ್ಟಿನ ಲೆಕ್ಕ

ಇಪ್ಪತ್ತು ತೊಟ್ಟಿಗೆ ಸುಮಾರು ಒಂದು ಎಂಎಲ್. ರಾತ್ರಿಗೆ ಹತ್ತು ತೊಟ್ಟು ಬಿದ್ದರೆ ವರ್ಷಕ್ಕೆ 3,650 ತೊಟ್ಟು. ಎಷ್ಟಾಯಿತು? ಸುಮಾರು 180 ಎಂಎಲ್, ಒಂದು ಲೋಟದಷ್ಟೂ ಇಲ್ಲ! ಅದೇ ನಿಮಿಷಕ್ಕೊಂದು ತೊಟ್ಟಾದರೆ ದಿನಕ್ಕೆ 72 ಎಂಎಲ್, ವಾರಕ್ಕೆ ಅರ್ಧ ಲೀಟರ್. ಒರೆಸಿಕೊಂಡು ಬಾಳುವುದೋ, ಬಿಚ್ಚಿಸುವುದೋ ಈ ಲೆಕ್ಕವೇ ಹೇಳುತ್ತದೆ!

ಹತ್ತೇ ತೊಟ್ಟು ಎಂದು ಚರಂಡಿಗೆ ತೊಳೆಯುವ ಮುಂಚೆ ಇದನ್ನು ಕೇಳಿ. ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಂ ಕೊಳದಲ್ಲಿ ಒಂದು ಟೀ ಚಮಚದಷ್ಟು ಎಣ್ಣೆ ಹಾಕಿ ನೋಡಿದರು. ಅದು ಹರಡಿ ಹರಡಿ ಅರ್ಧ ಎಕರೆ ನೀರಿನ ಅಲೆಯನ್ನೇ ಅಡಗಿಸಿತು! 1774ರಲ್ಲಿ ಆ ಪ್ರಯೋಗದ ವಿವರ ಅಚ್ಚಾಯಿತು. ಅರ್ಧ ಎಕರೆ ಅಂದರೆ ಇಪ್ಪತ್ತು ಗುಂಟೆ! ಹಾಗಾಗಿ ಗಾಡಿಯ ಕೆಳಗೆ ತಟ್ಟೆ ಇಡಿ. ಚೆಲ್ಲಿದ್ದಕ್ಕೆ ಮರದ ಹೊಟ್ಟು ಹಾಕಿ ಗುಡಿಸಿ. ಹಳೇ ಆಯಿಲ್ ಕೂಡಿಟ್ಟು, ಪರವಾನಗಿ ಇರುವವರು ಸಂಗ್ರಹಿಸುವಲ್ಲಿಗೆ ಕೊಡಿ. ಕೆರೆಗೆ ಹೋಗದ ಹಾಗೆ ನೋಡಿಕೊಳ್ಳಿ!

ಮೊದಲ ಮಳೆಗೆ ಸಿಗ್ನಲ್ಲಿನಲ್ಲಿ ಬೈಕು ಜಾರುವುದೇಕೆ? ಗಾಡಿಗಳು ನಿಂತು ನಿಂತು ತೊಟ್ಟಿಕ್ಕಿದ ಎಣ್ಣೆ, ಧೂಳಿನೊಡನೆ ಕೂತಿರುತ್ತದೆ. ಮಳೆ ಬಿದ್ದೊಡನೆ ಅದು ಮೇಲೆ ತೇಲುತ್ತದೆ. ನೀರಿನ ಮೇಲೆ ಕಾಣುವ ಆ ಕಾಮನಬಿಲ್ಲಿನ ಪೊರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟೂ ದಪ್ಪವಿರುವುದಿಲ್ಲ!

ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ಈಗ ವಿಂಟೇಜ್ ಎಂಬ ಬೇರೆ ನೋಂದಣಿಯೇ ಇದೆ! 2021ರಲ್ಲಿ ಬಂದ ಕೇಂದ್ರ ಸರಕಾರದ ನಿಯಮ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂದು ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ದಿನದ ಓಡಾಟಕ್ಕೆ ಬಳಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥವಕ್ಕೆ ಮಾತ್ರ!

ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದವರು ಬಾನೆಟ್, ದೀಪ, ಚಕ್ರ ನೋಡಿ ಬರುತ್ತಾರೆ. ಮುಂದಿನ ಸಲ ಮಂಡಿಯೂರಿ ಕೆಳಭಾಗವನ್ನೂ ನೋಡಿ. ತಿರುಪು ಎಲ್ಲಿ, ತೂತು ಎಲ್ಲಿ, ಉಸಿರು ಕೊಳವೆ ಎಲ್ಲಿ ಎಂದು ಹುಡುಕಿ. ಮಕ್ಕಳಿದ್ದರೆ ಯಾರು ಮೊದಲು ಹುಡುಕುತ್ತಾರೆ ಎಂದು ಪಂದ್ಯವನ್ನೇ ಇಡಿ!

ಕೊನೆಯದಾಗಿ, ಎಲ್ಲಕ್ಕಿಂತ ಅಗ್ಗದ ಮದ್ದು ಯಾವುದು ಗೊತ್ತೇ? ಓಡಿಸುವುದು! ನಿಂತ ಗಾಡಿಯ ಸೀಲು ಒಣಗುತ್ತದೆ, ಒಣಗಿದ್ದು ಗಡಸಾಗುತ್ತದೆ, ಗಡಸಾದದ್ದು ಸೋರುತ್ತದೆ. ಬಿಸಿ ಎಣ್ಣೆ ತಾಗುತ್ತಿದ್ದರೆ ಸೀಲು ಮೆತ್ತಗೆ ಉಳಿಯುತ್ತದೆ. ಅಚ್ಚುಕಟ್ಟಾಗಿ ಬಟ್ಟೆ ಹೊದಿಸಿಟ್ಟ ಗಾಡಿಗಿಂತ ಆಗಾಗ ಒಂದು ಸುತ್ತು ಓಡಿದ ಗಾಡಿಯೇ ಕಡಿಮೆ ಸೋರೀತು! ಆಯಿಲ್ ಮಟ್ಟ ನೋಡಿ, ಬ್ರೇಕ್ ಒತ್ತಿ ನೋಡಿ, ಪೆಟ್ರೋಲ್ ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಇನ್ನೇನು ಯೋಚನೆ? ಕಿಕ್ ಹೊಡೆಯಿರಿ!